ಶುಕ್ರ ಮೌಢ್ಯದಲ್ಲಿ ಮೌಢ್ಯವೇನೂ ಇಲ್ಲ

ತುಮಕೂರಿನ ಛತ್ರವೊಂದರ ಊಟದ ಸಾಲಿನಲ್ಲಿ ಮೊನ್ನೆ ಮತ್ತೆ ಅದೇ ಮಾತು ಕಿವಿಗೆ ಬಿತ್ತು: “ಶುಕ್ರ ಮೌಢ್ಯವಂತೆ! ಹೆಸರಲ್ಲೇ ಮೌಢ್ಯ ಇದೆಯಲ್ಲ.” ಶುಕ್ರ ಗ್ರಹ ಕಣ್ಣಿಗೆ ಬೀಳದ ಆ ದಿನಗಳಲ್ಲಿ ಮದುವೆ ಮಾಡಬೇಕೋ ಬೇಡವೋ, ಅದು ಬೇರೆ ಚರ್ಚೆ. ಪದ ಹೇಳುವುದು ಆಕಾಶದಲ್ಲಿ ಕಂಡದ್ದನ್ನು.

ಸಂಸ್ಕೃತದ ‘ಮುಹ್’ ಧಾತುವಿಗೆ ಮಂಕಾಗು, ದಿಕ್ಕು ತಪ್ಪು ಎಂಬ ಅರ್ಥ. ಮೋಹ, ಮುಗ್ಧ, ಮೂಢ ಮೂರೂ ಅದರ ಮಕ್ಕಳೇ. ಮೂಢನಾಗಿರುವುದು ಮೌಢ್ಯ. ಮನುಷ್ಯನಿಗಾದರೆ ಬುದ್ಧಿ ಮಂಕು, ಗ್ರಹಕ್ಕಾದರೆ ಬೆಳಕು ಮಂಕು. ಸೂರ್ಯನ ಹತ್ತಿರಕ್ಕೆ ಸರಿದ ಗ್ರಹ ಸಂಜೆಯ ಅಥವಾ ಮುಂಜಾವಿನ ಬೆಳಕಲ್ಲಿ ಕರಗಿ ಕಾಣದಾಗುವುದು, ಅಷ್ಟೇ. ಪಾವಗಡದ ತೆಲುಗು ಮನೆಗಳಲ್ಲಿ ಇದೇ ‘ಮೂಢಂ’.

ಪಂಚಾಂಗದಲ್ಲಿ ಇದಕ್ಕೆ ‘ಅಸ್ತ’ ಎಂದೂ ಹೆಸರು. ತೊಡಕಾಗುವುದು ಇಲ್ಲೇ. ಈ ತಿಂಗಳ ಆಕಾಶ ಎಂದು ಬರೆಯುವವರು “ಶುಕ್ರ ರಾತ್ರಿ 8ಕ್ಕೆ ಅಸ್ತ” ಎಂದರೆ ಎಂಟರವರೆಗೂ ನೋಡಬಹುದು ಎಂದರ್ಥ. ಓದಿದವರು ಮೌಢ್ಯ ಬಂತು ಅಂದುಕೊಳ್ಳುತ್ತಾರೆ. ‘ಮುಳುಗುತ್ತದೆ’ ಎಂಬ ಒಳ್ಳೆಯ ಕನ್ನಡ ಇರುವಾಗ ಅದನ್ನೇ ಬರೆಯಬಾರದೇ?

ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ ಲೆಕ್ಕವನ್ನೂ ಕೊಟ್ಟಿದೆ. ಗುರುವಿಗೆ 11 ಅಂಶ (ಡಿಗ್ರಿ), ಶನಿಗೆ 15, ಮಂಗಳನಿಗೆ 17. ಅದಕ್ಕಿಂತ ಸೂರ್ಯನ ಸಮೀಪ ಬಂದರೆ ಕಾಣುವುದಿಲ್ಲ. ಶುಕ್ರನಿಗೆ ಎರಡು ಲೆಕ್ಕ: ಸೂರ್ಯನಿಗೂ ನಮಗೂ ನಡುವೆ ಹಾಯುವಾಗ ಬಿಂಬ ದೊಡ್ಡದು, 8 ಅಂಶ ಸಾಕು, ಸೂರ್ಯನ ಆಚೆ ಹಾಯುವಾಗ ಚಿಕ್ಕದು, 10 ಬೇಕು. ಈಚೆಯಿಂದ ದಾಟುವ ಮೌಢ್ಯ ಕೆಲವೇ ದಿನದ್ದು, ಆಚೆಯದು ತಿಂಗಳು ಮೀರುತ್ತದೆ. ಬರಿಗಣ್ಣಿನಲ್ಲಿ ತಲೆಮಾರುಗಟ್ಟಲೆ ನೋಡಿದವರ ಲೆಕ್ಕವಿದು. ಇದನ್ನು ಮೂಢನಂಬಿಕೆ ಎಂದರೆ ನನಗೆ ನೋವಾಗುತ್ತದೆ.

ಚಂದ್ರನಿಗೆ 12 ಅಂಶ, ಹೆಚ್ಚುಕಡಿಮೆ ಒಂದು ತಿಥಿಯಷ್ಟು. ಪಾಡ್ಯದ ಚಂದ್ರ ಸಾಮಾನ್ಯವಾಗಿ ಕಾಣದೆ ಬಿದಿಗೆಯವನು ಕಾಣುವುದು ಅದಕ್ಕೇ. ಯುಗಾದಿಯ ಮಾರನೆ ಸಂಜೆ ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಪಡುವಣದಲ್ಲಿ ಗೆರೆಯಂಥ ಚಂದ್ರನನ್ನು ಹುಡುಕುತ್ತೇವಲ್ಲ, ಪಂಚಾಂಗ ಅದನ್ನು ಮೌಢ್ಯ ಕಳೆಯಿತು ಎನ್ನದಿದ್ದರೂ ಸಂಗತಿ ಅದೇ.

ಗುರುವನ್ನೂ ಹೀಗೇ ಹುಡುಕಬಹುದು. ಪಂಚಾಂಗದಲ್ಲಿ ‘ಗುರು ಉದಯ’, ಅಂದರೆ ಗುರುವಿನ ಮೌಢ್ಯ ಕಳೆಯಿತು, ಎಂದಿರುವ ದಿನ ನೋಡಿಟ್ಟುಕೊಂಡು, ಎರಡು ಮೂರು ದಿನ ಬಿಟ್ಟು, ಮೂಡಣ ತೆರೆದಿರುವ ಕಡೆ ನಿಲ್ಲಿ. ದೇವರಾಯನದುರ್ಗದಂಥ ಎತ್ತರವಾದರೆ ಇನ್ನೂ ಒಳ್ಳೆಯದು. ಕಾಲದ ಲೆಕ್ಕದಲ್ಲಿ 11 ಅಂಶ ಎಂದರೆ 44 ನಿಮಿಷ. ಸೂರ್ಯ ಹುಟ್ಟುವುದಕ್ಕೆ ಅಷ್ಟು ಮುಂಚೆ, ದಿಗಂತದಂಚಿನಲ್ಲಿ ಕಾಣುತ್ತಾನೆ.