ಪದ ಪರಿಚಯ: ಜನಾಂಗೀಯ ‘ಶುದ್ಧೀಕರಣ’

ಒಂದು ಪ್ರದೇಶದಲ್ಲಿ ಒಂದೇ ಸಮುದಾಯದವರು ಉಳಿಯುವಂತೆ ಮಾಡಲು ಉಳಿದವರನ್ನು ಬಲಪ್ರಯೋಗದಿಂದಲೋ ಬೆದರಿಕೆಯಿಂದಲೋ ಅಲ್ಲಿಂದ ಹೊರಹಾಕುವುದಕ್ಕೆ ‘ಜನಾಂಗೀಯ ಶುದ್ಧೀಕರಣ’ ಎನ್ನುತ್ತಾರೆ. ಈ ಮಾತು ಜಗತ್ತಿನಾದ್ಯಂತ ಬಳಕೆಗೆ ಬಂದದ್ದು ಆಗ್ನೇಯ ಯುರೋಪಿನ ಬೋಸ್ನಿಯಾದಲ್ಲಿ 1992ರಿಂದ 1995ರವರೆಗೆ ನಡೆದ ಯುದ್ಧದ ಕಾಲದಲ್ಲಿ. ಅಲ್ಲಿನ ಭಾಷೆಯ ‘ಎಟ್ನಿಚ್ಕೊ ಚಿಶ್ಚೆನ್ಯೆ’ ಎಂಬುದರ ನೇರ ಅನುವಾದವಿದು. ಮನೆ ಸ್ವಚ್ಛಗೊಳಿಸುವುದಕ್ಕೂ ‘ಚಿಶ್ಚೆನ್ಯೆ’ ಎನ್ನುತ್ತಾರೆ, ಶತ್ರುಗಳಿರುವ ನೆಲವನ್ನು ಸೈನಿಕರು ತೆರವುಗೊಳಿಸುವುದಕ್ಕೂ ಅದೇ ಪದ. ಎಂದರೆ ಇದು ಓಡಿಸಿದವರ ಕಣ್ಣಿನಿಂದ ಹುಟ್ಟಿದ ಮಾತು. ಓಡಿಸಿಕೊಂಡವರನ್ನು ಅದು ಕೊಳೆಯ ಸ್ಥಾನದಲ್ಲಿ ನಿಲ್ಲಿಸುತ್ತದೆ. ಕನ್ನಡದಲ್ಲಂತೂ ತೊಡಕು ಇನ್ನೂ ಹೆಚ್ಚು, ಏಕೆಂದರೆ ‘ಶುದ್ಧಿ’ ಎಂದೊಡನೆ ನಮಗೆ ಮಡಿ, ಪುಣ್ಯಾಹ, ಸೂತಕ ಕಳೆಯುವುದು ನೆನಪಾಗುತ್ತವೆ. ಆದ್ದರಿಂದಲೇ ಶೀರ್ಷಿಕೆಯಲ್ಲಿ ಆ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದೇನೆ.

‘ಜನಾಂಗೀಯ’ ಎಂಬ ವಿಶೇಷಣವೂ ಇಲ್ಲಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬೋಸ್ನಿಯಾದ ಬೋಸ್ನಿಯಾಕ್, ಸರ್ಬ್ ಮತ್ತು ಕ್ರೊಯೇಟ್ ಜನ ಪರಸ್ಪರ ಸಲೀಸಾಗಿ ಅರ್ಥವಾಗುವ ಮಾತನ್ನೇ ಆಡುವ ಸ್ಲಾವ್ ಮೂಲದವರು. ಅವರನ್ನು ಎದ್ದು ಕಾಣುವಂತೆ ಬೇರ್ಪಡಿಸುವುದು ಕ್ರಮವಾಗಿ ಇಸ್ಲಾಂ, ಆರ್ಥೊಡಾಕ್ಸ್ ಕ್ರೈಸ್ತ ಮತ್ತು ಕ್ಯಾಥೊಲಿಕ್ ಪರಂಪರೆಗಳು. ಹಾಗಾಗಿ ಜನರನ್ನು ಓಡಿಸಿದ ಎಷ್ಟೋ ಕಡೆ ಪ್ರಾರ್ಥನಾ ಮಂದಿರಗಳೂ ಉರುಳಿದವು. 1993ರ ಏಪ್ರಿಲ್ 16ರಂದು ಅಹ್ಮಿಚಿ ಗ್ರಾಮದಲ್ಲಿ ಕ್ರೊಯೇಟ್ ಪಡೆಗಳು ನೂರಕ್ಕೂ ಹೆಚ್ಚು ಮುಸ್ಲಿಮರನ್ನು ಕೊಂದು ಮಸೀದಿಯ ಮಿನಾರನ್ನು ಸ್ಫೋಟಿಸಿ ಕೆಡವಿದವು. ಫೋಚಾ ಪಟ್ಟಣದಲ್ಲಿ 16ನೆಯ ಶತಮಾನದ ಅಲಾಜಾ ಮಸೀದಿಯನ್ನು 1992ರಲ್ಲಿ ಸಿಡಿಸಿದ ಸರ್ಬ್ ಆಡಳಿತ, ಮುಂದೆ ಊರಿನ ಹೆಸರನ್ನೇ ‘ಸರ್ಬಿನ್ಯೆ’ ಎಂದು ಬದಲಿಸಿತು. ಹಳೆಯ ಹೆಸರು ಮರಳಿದ್ದು ನ್ಯಾಯಾಲಯದ ತೀರ್ಪಿನಿಂದ, ಮಸೀದಿಯ ಬಾಗಿಲು ಮತ್ತೆ ತೆರೆದದ್ದು 2019ರಲ್ಲಿ.

ಈ ಕೆಲಸ ಹೇಗೆ ಮೊದಲಾಗುತ್ತದೆ ಎಂಬುದನ್ನು ಪ್ರಿಯೆದೊರ್ ಪಟ್ಟಣದಲ್ಲಿ ಕಾಣಬಹುದು. ಅಧಿಕಾರ ಹಿಡಿದಿದ್ದ ಸರ್ಬ್ ಆಡಳಿತವು 1992ರ ಮೇ 31ರಂದು, ಸರ್ಬರಲ್ಲದವರು ಮನೆಗಳ ಮೇಲೆ ಬಿಳಿಯ ಬಟ್ಟೆ ತೂಗುಹಾಕಬೇಕು, ಹೊರಗೆ ಬರುವಾಗ ತೋಳಿಗೆ ಬಿಳಿಯ ಪಟ್ಟಿ ಕಟ್ಟಿಕೊಳ್ಳಬೇಕು ಎಂದು ರೇಡಿಯೊದಲ್ಲಿ ಆಜ್ಞೆ ಹೊರಡಿಸಿತು. ನಿನ್ನೆಯವರೆಗೆ ಹಾಸಿ ಮಲಗಿದ್ದ ಹಾಸಿಗೆಯ ಬಟ್ಟೆ ಮನೆಯವರ ಗುರುತುಪಟ್ಟಿಯಾಯಿತು. ಅವರಲ್ಲಿ ಸಾವಿರಾರು ಮಂದಿ ಸಮೀಪದ ಓಮಾರ್ಸ್ಕಾ ಕಬ್ಬಿಣದ ಗಣಿಯಂಥ ಜಾಗಗಳಲ್ಲಿ ಸ್ಥಾಪಿಸಿದ ಶಿಬಿರಗಳಲ್ಲಿ ಸೆರೆಯಾದರು.

ಇದನ್ನು ‘ನರಮೇಧ’ದೊಂದಿಗೆ ಬೆರೆಸುವುದು ನಮ್ಮಲ್ಲಿ ಸಾಮಾನ್ಯ. 1948ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನರಮೇಧವೆಂದರೆ ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ನಾಶಮಾಡುವ ಉದ್ದೇಶದಿಂದ ಎಸಗಿದ ಕೃತ್ಯ. ‘ಶುದ್ಧೀಕರಣ’ದ ಗುರಿ ಗುಂಪನ್ನು ನೆಲದಿಂದ ಕೀಳುವುದು; ಕಾನೂನಿನಲ್ಲಿ ಅದು ಪ್ರತ್ಯೇಕ ಅಪರಾಧವಲ್ಲ, ಅದರೊಳಗಿನ ಕೊಲೆ, ಅತ್ಯಾಚಾರ, ಗಡೀಪಾರುಗಳನ್ನು ಯುದ್ಧಾಪರಾಧಗಳೆಂದೋ ಮಾನವತೆಯ ವಿರುದ್ಧದ ಅಪರಾಧಗಳೆಂದೋ ವಿಚಾರಿಸುತ್ತಾರೆ. ಆದರೆ ಗೆರೆ ಎಷ್ಟು ತೆಳುವೆಂಬುದನ್ನು ಸ್ರೆಬ್ರೆನಿತ್ಸಾ ತೋರಿಸಿತು. ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿದ್ದ ಆ ಊರು 1995ರ ಜುಲೈ 11ರಂದು ಸರ್ಬ್ ಪಡೆಗಳ ವಶವಾಯಿತು. ಹೆಂಗಸರನ್ನೂ ಮಕ್ಕಳನ್ನೂ ಬಸ್ಸುಗಳಲ್ಲಿ ತುಂಬಿ ಹೊರಗಟ್ಟಿದರು. ಎಂಟು ಸಾವಿರಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದರು. ಆ ಹತ್ಯೆ ಮತ್ತು ಆ ಹೊರದೂಡುವಿಕೆ ಎರಡನ್ನೂ ಒಟ್ಟಿಗೆ ನೋಡಿಯೇ ಈ ಯುದ್ಧದ ಅಪರಾಧಗಳನ್ನು ವಿಚಾರಿಸಿದ ಹೇಗ್ ನಗರದ ವಿಶ್ವಸಂಸ್ಥೆಯ ನ್ಯಾಯಮಂಡಳಿಯು ಸಮುದಾಯವನ್ನು ನಾಶಮಾಡುವ ಉದ್ದೇಶವನ್ನು ಗುರುತಿಸಿ, ಅದನ್ನು ನರಮೇಧವೆಂದು ತೀರ್ಮಾನಿಸಿತು.

‘ಶುದ್ಧೀಕರಣ’ಕ್ಕೆ ಬದಲಾಗಿ ಕನ್ನಡದಲ್ಲಿ ಯಾವ ಪದವನ್ನು ಬಳಸಬಹುದು? ‘ಒಕ್ಕಲೆಬ್ಬಿಸುವುದು’ ಎಂಬ ನಮ್ಮದೇ ಮಾತು ನನಗೆ ಹತ್ತಿರವೆನಿಸುತ್ತದೆ. ಕೊಲೆಯ ಅಂಶವನ್ನು ಅದು ಹೇಳುವುದಿಲ್ಲ, ಅದನ್ನು ಬಿಡಿಸಿ ಬರೆಯಲೇಬೇಕು. ಆದರೆ ಅದರಲ್ಲಿ ಕೊಳೆ ಇಲ್ಲ, ಒಂದು ಒಕ್ಕಲು ಇದೆ.