ಹಕ್ಕಿ ನೋಡುವ ಕಡೆ ಜಾಗ ಬಿಡಿ

ಹಕ್ಕಿಗಳ ಫೋಟೋ ತೆಗೆಯಲು ಕಲಿಯುತ್ತಿರುವವರು ತಮ್ಮ ಚಿತ್ರ ತೋರಿಸಲು ಬಂದಾಗ ನಾನು ಮೊದಲು ಕೇಳುವುದು ಒಂದೇ ಮಾತು: ಕ್ರಾಪ್ ಮಾಡದ ಫೈಲ್ ಇದೆಯಾ? ಎಷ್ಟೋ ಸಲ ಒಳ್ಳೆಯ ಚಿತ್ರ ಅದರಲ್ಲೇ ಇರುತ್ತದೆ. ಕತ್ತರಿಸುವಾಗ ಕಳೆದುಹೋಗಿರುತ್ತದೆ.

ಮೊನ್ನೆ ಒಬ್ಬ ಹುಡುಗಿ ಕೊಳದ ಬಕದ ಚಿತ್ರ ತಂದಿದ್ದಳು. ಕೊಕ್ಕಿನ ತುದಿಯಿಂದ ಬಾಲದವರೆಗೆ ಫ್ರೇಮ್ ತುಂಬ ಹಕ್ಕಿಯೇ. ಕಣ್ಣು ಶಾರ್ಪ್ ಆಗಿತ್ತು, ಬೆಳಕೂ ಚೆನ್ನಾಗಿತ್ತು. ಆದರೂ ಹಕ್ಕಿಯನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟ ಹಾಗಿತ್ತು. "ಸರ್, ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಕತ್ತರಿಸಿದೆ" ಅಂದಳು. ಮೂಲ ಫೈಲ್ ತೆರೆದೆವು. ಹಿಂದೆ ಒಣಗಿದ ಜೊಂಡು. ಅದರ ಕಂದು ಗೀರುಗಳೂ ಬಕದ ಕತ್ತಿನ ಗೀರುಗಳೂ ಒಂದಕ್ಕೊಂದು ಸೇರಿಹೋಗಿದ್ದವು. ಕಾಣದ ಹಾಗೆ ನಿಲ್ಲುವುದೇ ಆ ಹಕ್ಕಿಯ ಬದುಕು ಅಲ್ವಾ? ಎಡಕ್ಕೆ, ಅದು ದಿಟ್ಟಿಸುತ್ತಿದ್ದ ಕಡೆ, ನೀರಿನ ಮೇಲೆ ಸಣ್ಣದೊಂದು ಉಂಗುರ ಎದ್ದಿತ್ತು. ಕೆಳಗೆ ಮೀನು ಅಲುಗಾಡಿತ್ತು. ಕತೆ ಇದ್ದದ್ದೇ ಆ ಉಂಗುರದಲ್ಲಿ. ಕ್ರಾಪ್ ಮಾಡುವಾಗ ಮೊದಲು ಹೋದದ್ದೂ ಅದೇ.

ಮತ್ತೆ ಕೂತು ಕತ್ತರಿಸಿದೆವು. ಎಡ ಅಂಚನ್ನು ಉಂಗುರದಿಂದ ಇನ್ನೂ ಸ್ವಲ್ಪ ಆಚೆಗೆ ಇಟ್ಟೆವು. ಬಾಲದ ಹಿಂದಿನ ಖಾಲಿ ನೀರನ್ನು ಜಾಸ್ತಿಯೇ ತೆಗೆದೆವು. ಹಕ್ಕಿ ಚಿಕ್ಕದಾಯಿತು, ಬಲಕ್ಕೆ ಸರಿಯಿತು. ಈಗ ನೋಡುವವರ ಕಣ್ಣು ಬಕದ ಕಣ್ಣಿಂದ ಹೊರಟು ಕೊಕ್ಕಿನ ಗುಂಟ ಸಾಗಿ ನೀರಿಗೆ ಹೋಗಿ ನಿಲ್ಲುತ್ತಿತ್ತು.

ಹಕ್ಕಿ ಎತ್ತ ನೋಡುತ್ತದೋ ಅತ್ತ ಜಾಗ ಜಾಸ್ತಿ ಬೇಕು. ಹಾರುವ ಹಕ್ಕಿಯಾದರೆ ಎತ್ತ ಹೋಗುತ್ತಿದೆಯೋ ಅತ್ತ. ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಸೇರುವಲ್ಲಿ ಕಣ್ಣು ಇಡುವುದು ಶುರುವಿಗೆ ಒಳ್ಳೆಯ ಅಭ್ಯಾಸ. ಆದರೆ ಗೆರೆ ನೋಡಿಕೊಂಡು ಹಕ್ಕಿಯನ್ನು ಮರೆಯಬೇಡಿ. ಮೈ ಬಲಕ್ಕಿದ್ದು ಕತ್ತು ಹಿಂದಕ್ಕೆ ತಿರುಗಿಸಿದ ಹಕ್ಕಿಗೆ ನಾನು ನೋಟದ ಕಡೆಯೇ ಜಾಗ ಬಿಡುತ್ತೇನೆ. ನಿಂತ ನೀರಿನಲ್ಲಿ ಪ್ರತಿಬಿಂಬ ಪೂರ್ತಿ ಬಿದ್ದಿದ್ದರೆ ಹಕ್ಕಿಯನ್ನು ಸುಮ್ನೆ ನಡುವೆ ಇಡುತ್ತೇನೆ.

ಆಮೇಲೆ ಅಂಚುಗಳು. ನಾಲ್ಕೂ ಅಂಚಿನ ಮೇಲೆ ನಿಧಾನವಾಗಿ ಕಣ್ಣಾಡಿಸಿ. ರೆಕ್ಕೆಯ ತುದಿ ಅಂಚಿಗೆ ತಾಗಿದೆಯಾ? ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಎಲೆ ಇದೆಯಾ? ಕಾಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಬಾಗಿದ ಮೊಣಕಾಲಿನಂತೆ ಕಾಣುವುದು ನಿಜವಾಗಿ ಅದರ ಹಿಮ್ಮಡಿಯ ಕೀಲು. ಸರಿಯಾಗಿ ಅಲ್ಲಿಗೇ ಕತ್ತರಿಸಿದರೆ ಹಕ್ಕಿ ಕುಂಟಿದಂತೆ ಕಾಣುತ್ತದೆ. ಬೆರಳಿನವರೆಗೆ ಪೂರ್ತಿ ಇಡಿ. ಇಲ್ಲವೇ ಧೈರ್ಯವಾಗಿ ಎದೆಯವರೆಗೆ ಬಂದು ಮುಖದ ಚಿತ್ರ ಮಾಡಿ. ಉದ್ದ ಬಾಲದ ರಾಜಹಕ್ಕಿಯಂಥದ್ದರ ಬಾಲದ ತುದಿ ಒಂದು ಉಗುರಿನಷ್ಟು ಹೋದರೂ ನೋಡುವವರಿಗೆ ಅಲ್ಲೇ ಚುಚ್ಚುತ್ತದೆ.

ಕ್ರಾಪಿನ ಲೆಕ್ಕವನ್ನೂ ತಿಳಿದಿರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 6000 x 4000 ಪಿಕ್ಸೆಲ್. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಉಳಿಯುವುದು ಅರ್ಧ ಚಿತ್ರ ಅಲ್ಲ, ಕಾಲು ಭಾಗ. ಅಂದರೆ 6 ಮೆಗಾಪಿಕ್ಸೆಲ್. ಮೊಬೈಲಿನಲ್ಲಿ ನೋಡಲು ಅದು ಧಾರಾಳ. ಇಂಚಿಗೆ 300 ಪಿಕ್ಸೆಲ್‌ನಂತೆ ಪ್ರಿಂಟ್ ಹಾಕಿಸಿದರೆ 10 ಇಂಚು ಅಗಲಕ್ಕೆ ಸಾಕಾಗುತ್ತದೆ. ಆದರೆ ಹಕ್ಕಿ ದೊಡ್ಡದಾದಷ್ಟೂ ನಾಯ್ಸ್, ಅಂದರೆ ಚಿತ್ರದಲ್ಲಿ ಮರಳಿನಂತೆ ಕಾಣುವ ಚುಕ್ಕೆಗಳು, ದೊಡ್ಡದಾಗುತ್ತದೆ, ಕೈ ನಡುಗಿದ್ದೂ ಎದ್ದು ಕಾಣುತ್ತದೆ. ದೂರದಿಂದ ತೆಗೆದಾಗ ದಾಖಲಾಗದ ಗರಿಯ ಎಳೆ ಕ್ರಾಪಿನಿಂದ ಹುಟ್ಟಿಬರುವುದಿಲ್ಲ.

ಕ್ರಾಪಿನಿಂದ ಸರಿಯಾಗದ್ದು ಇನ್ನೂ ಒಂದಿದೆ, ನೀವು ನಿಂತ ಜಾಗ. ನೆಲದ ಹಕ್ಕಿಯನ್ನು ನಿಂತುಕೊಂಡು ಮೇಲಿನಿಂದ ತೆಗೆದರೆ ಹಿಂದೆ ಬರುವುದು ಬರೀ ಮಣ್ಣು. ಹೊಟ್ಟೆಯ ಮೇಲೆ ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಬಂದರೆ ಹಿನ್ನೆಲೆ ದೂರ ಸರಿದು ಮೆತ್ತಗಾಗುತ್ತದೆ. ತಲೆಯ ಹಿಂದಿನಿಂದ ಕೊಂಬೆ ಹೊರಟಂತೆ ಕಂಡರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಹಾರುವ ಹಕ್ಕಿಗೆ ತೆಗೆಯುವಾಗಲೇ ಸುತ್ತ ಸಡಿಲವಾಗಿ ಜಾಗ ಬಿಡಿ. ರೆಕ್ಕೆ ಮುಂದಿನ ಕ್ಷಣ ಎಷ್ಟು ಅಗಲ ಬಿಚ್ಚುತ್ತದೆ ಅಂತ ಹೇಳೋಕಾಗಲ್ಲ. ಓರೆಯಾದ ನೀರಿನ ಗೆರೆ ನೆಟ್ಟಗೆ ಮಾಡುವಾಗಲೂ ಅಂಚುಗಳು ಕಳೆಯುತ್ತವೆ, ಆಗ ಈ ಜಾಗವೇ ಕಾಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಕ್ರಾಪ್ ಮಾಡಿ ಅಂತ ನಾನೇ ಒತ್ತಾಯಿಸುವ ಸಂದರ್ಭ ಒಂದಿದೆ. ಹಕ್ಕಿ ಮೇಯುವುದು ಬಿಟ್ಟು ಕತ್ತು ನೆಟ್ಟಗೆ ಮಾಡಿತು, ಎಚ್ಚರಿಕೆಯ ಕೂಗು ಹಾಕಿತು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. ದೂರದಿಂದ ತೆಗೆದು ಮನೆಗೆ ಬಂದು ಕತ್ತರಿಸಿಕೊಳ್ಳಿ. ಗೂಡಿನ ಹತ್ತಿರವಂತೂ ಹೋಗಲೇಬೇಡಿ. ತಾಯಿ ಹಕ್ಕಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಗೂಡು ಎಲ್ಲಿದೆ ಅನ್ನುವುದು ಕಾಗೆಗೂ ಗೊತ್ತಾಗುತ್ತದೆ. ಯಾವ ಫ್ರೇಮೂ ಆ ಬೆಲೆಗೆ ಬೇಡ.

ಸ್ಪರ್ಧೆಗೆ ಕಳಿಸುವವರಿಗೆ ಒಂದು ಮಾತು. ಫಿಯಾಪ್, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡ ನೇಚರ್ ವಿಭಾಗದ ನಿಯಮದಲ್ಲಿ ಕ್ರಾಪ್ ಮಾಡಬಹುದು, ಓರೆಯಾದದ್ದನ್ನು ನೆಟ್ಟಗೆ ಮಾಡಬಹುದು. ಆದರೆ ಅಡ್ಡ ಬಂದ ಕಡ್ಡಿಯನ್ನು ಅಳಿಸುವ ಹಾಗಿಲ್ಲ.

ಮೂಲ ಫೈಲನ್ನು ಎಂದೂ ಅಳಿಸಬೇಡಿ. ಒಂದೇ ಚಿತ್ರಕ್ಕೆ ಎರಡು ಮೂರು ಕ್ರಾಪ್ ಮಾಡಿಟ್ಟು, ಮರುದಿನ ಬೆಳಿಗ್ಗೆ ಅವನ್ನು ಬೆರಳಿನಷ್ಟು ಚಿಕ್ಕದಾಗಿಸಿ ಪಕ್ಕಪಕ್ಕ ಇಟ್ಟು ನೋಡಿ. ಅಷ್ಟು ಚಿಕ್ಕದರಲ್ಲೂ ಹಕ್ಕಿ ಏನು ಮಾಡುತ್ತಿದೆ ಅಂತ ಯಾವುದರಲ್ಲಿ ತಿಳಿಯುತ್ತದೋ ಅದನ್ನು ಉಳಿಸಿಕೊಳ್ಳಿ.