ರೀಸೆಟ್ ಗುಂಡಿಗೆ ಗೊತ್ತಿರುವುದೆಷ್ಟು?

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ಗುರುತು, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಎಚ್ಚರಿಸುವ ಈ ಹಳದಿ ದೀಪ ಹೊತ್ತಿಕೊಂಡ ಕೂಡಲೇ ಹೆಚ್ಚಿನವರು ಹುಡುಕುವುದು ಅದನ್ನು ಆರಿಸುವ ಗುಂಡಿಯನ್ನು. ಒತ್ತಿದರೆ ದೀಪ ಆರಲೂಬಹುದು; ತೊಂದರೆ ಇರುವುದೇ ಅಲ್ಲಿ. ಅನೇಕ ಕಾರುಗಳಲ್ಲಿ ಆ ಗುಂಡಿ ಒತ್ತುವುದೆಂದರೆ ‘ಈಗ ಟೈರುಗಳಲ್ಲಿ ಇರುವಷ್ಟೇ ಗಾಳಿ ಸರಿ’ ಎಂದು ಕಂಪ್ಯೂಟರಿಗೆ ಮಾತು ಕೊಟ್ಟಂತೆ. ಗಾಳಿ ಇಳಿದಿರುವಾಗ ಒತ್ತಿದರೆ, ಇಳಿದದ್ದನ್ನೇ ಸರಿಯೆಂದು ಅದು ನಂಬುತ್ತದೆ.

ಇಂಥ ಕಾರುಗಳ ಟೈರಿನೊಳಗೆ ಒತ್ತಡ ಅಳೆಯುವ ಉಪಕರಣವೇ ಇರುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆಗಾಗಿ ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಹೇಗಿದ್ದರೂ ಇರುತ್ತದಲ್ಲ, ಅದರಿಂದಲೇ ಗಾಳಿಯ ಲೆಕ್ಕ ಹಾಕುತ್ತಾರೆ. ಗಾಳಿ ಕಡಿಮೆಯಾದ ಟೈರು ಭಾರಕ್ಕೆ ತುಸು ಕುಸಿಯುತ್ತದೆ. ಹಾಗಾಗಿ ಅಷ್ಟೇ ದೂರಕ್ಕೆ ಉಳಿದ ಮೂರಕ್ಕಿಂತ ಹೆಚ್ಚು ಸುತ್ತಬೇಕು. ಎಷ್ಟು ಹೆಚ್ಚು? 16 ಇಂಚಿನ ರಿಮ್ಮಿಗೆ ಹಾಕುವ 195/55 ಟೈರಿನ ಸುತ್ತಳತೆ ಸುಮಾರು 1.95 ಮೀಟರ್, ಅಂದರೆ ಕಿಲೋಮೀಟರಿಗೆ 513 ಸುತ್ತು. ಉರುಳುವ ತ್ರಿಜ್ಯ ಶೇಕಡಾ 0.4ರಷ್ಟು ಕುಗ್ಗಿದರೆ ಹೆಚ್ಚಾಗುವುದು ಬರೀ ಎರಡು ಸುತ್ತು!

ಆದರೆ ಹೊಸ ಟೈರಿನ ಗೀರುಗಳು ಸುಮಾರು 8 ಮಿಲಿಮೀಟರ್ ಆಳ. ಸವೆದು 2 ಮಿಲಿಮೀಟರಿಗೆ ಬಂದರೆ ತ್ರಿಜ್ಯ ಸುಮಾರು ಶೇಕಡಾ 2ರಷ್ಟು ಕಡಿಮೆಯಾಗುತ್ತದೆ. ಗಾಳಿ ಇಳಿದು ಆಗುವ ವ್ಯತ್ಯಾಸಕ್ಕಿಂತ ಸವೆತದ ವ್ಯತ್ಯಾಸವೇ ಐದು ಪಟ್ಟು ದೊಡ್ಡದು. ಆದ್ದರಿಂದ ಟೈರು ಬದಲಿಸಿದಾಗ, ಹಿಂದಿನದನ್ನು ಮುಂದಕ್ಕೆ ಹಾಕಿದಾಗ, ಗಾಳಿ ಸರಿಪಡಿಸಿದಾಗ ಕಂಪ್ಯೂಟರು ಹೊಸದಾಗಿ ಕಲಿಯಲೇಬೇಕು. ರೀಸೆಟ್ ಇರುವುದು ಈ ಪಾಠಕ್ಕೆ. ನಾಲ್ಕೂ ಟೈರುಗಳಲ್ಲಿ ಒಂದೇ ಸಮನೆ ಗಾಳಿ ಇಳಿದರೆ, ಚಕ್ರಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಸರಳ ವ್ಯವಸ್ಥೆಗೆ ಅದು ಕಾಣಿಸುವುದೇ ಇಲ್ಲ.

ಮನೆಯಲ್ಲೇ ಗಾಳಿ ತುಂಬಿ ರೀಸೆಟ್ ಮಾಡುವುದಾದರೆ ಬೆಳಿಗ್ಗೆ, ಕಾರು ಓಡಿಸುವ ಮೊದಲು ಮಾಡಿ. ಎಷ್ಟು ಗಾಳಿ ಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಆ ಟೈರಿನ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಬೇಡಿ. ದೂರ ಓಡಿ ಬಿಸಿಯಾದ ಟೈರು ಮೂರು-ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಗಾಳಿ ಹೊರಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ. ಗಾಳಿ ತುಂಬಿದ ಮೇಲೆ ಇಗ್ನಿಷನ್ ಆನ್ ಮಾಡಿ ಗುಂಡಿ ಒತ್ತಿ ಹಿಡಿಯಿರಿ. ಕೆಲವು ಕಾರುಗಳಲ್ಲಿ ಅದು ಸ್ಟೇರಿಂಗಿನ ಕೆಳಗಿರುತ್ತದೆ, ಈಗಿನ ಅನೇಕ ಕಾರುಗಳಲ್ಲಿ ಪರದೆಯ ಮೆನುವಿನೊಳಗೆ. ಆಮೇಲೆ ಸ್ವಲ್ಪ ದೂರ ಓಡಿಸಬೇಕು. ತಿರುವಿನಲ್ಲಿ ಹೊರಬದಿಯ ಚಕ್ರ ಹೇಗೂ ಹೆಚ್ಚು ಸುತ್ತುವುದರಿಂದ, ನೇರ ರಸ್ತೆ ಸಿಕ್ಕರೆ ಪಾಠ ಬೇಗ ಮುಗಿಯುತ್ತದೆ. ಬ್ಯಾಟರಿಯ ವೈರು ಬಿಚ್ಚಿ ಹಾಕಿದರೆ ಸಾಕು ಎಂಬ ಉಪಾಯವೂ ಚಾಲ್ತಿಯಲ್ಲಿದೆ. ಅದರಿಂದ ಗಡಿಯಾರದ ಸಮಯ ಹೋಗುತ್ತದೆಯೇ ಹೊರತು ಟೈರಿಗೆ ಗಾಳಿ ಬರುವುದಿಲ್ಲ.

ಚಳಿಗೂ ಈ ದೀಪಕ್ಕೂ ನಂಟಿದೆ. ಮಧ್ಯಾಹ್ನದ 35 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ನಸುಕಿನ 15 ಡಿಗ್ರಿಗೆ ಸುಮಾರು 30ಕ್ಕೆ ಇಳಿಯುತ್ತದೆ. ಅಮೆರಿಕದ ನಿಯಮದಂತೆ ನಿಗದಿತ ಒತ್ತಡಕ್ಕಿಂತ ಶೇಕಡಾ 25 ಕಡಿಮೆಯಾಗುವಷ್ಟರಲ್ಲಿ ದೀಪ ಹೊತ್ತಲೇಬೇಕು. 33ಕ್ಕೆ ಅದು 25ರ ಆಸುಪಾಸು. ಅಂದರೆ ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ದೀಪ ಹೊತ್ತಿದರೆ ಚಳಿ ಬರೀ ನೆಪ, ಗಾಳಿ ಮೊದಲೇ ಸೋರಿರುತ್ತದೆ. ವಾಲ್ವಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಮೊಳೆ ಹುಡುಕಿ. ಷಿಕಾಗೋದಲ್ಲಿರುವ ಕನ್ನಡಿಗರ ಕಥೆ ಬೇರೆ. 20 ಡಿಗ್ರಿಯಲ್ಲಿ ತುಂಬಿಸಿದ ಅದೇ 33, ಮೈನಸ್ 15ಕ್ಕೆ 27ರ ಹತ್ತಿರ ಬರುತ್ತದೆ. ಅಲ್ಲಿ ಚಳಿಗೆ ಸಣ್ಣ ಸೋರಿಕೆಯ ನೆರವು ಸಾಕು.

ಆ ನಿಯಮ ಹುಟ್ಟಿದ್ದು 2000ದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳ ಫೈರ್‌ಸ್ಟೋನ್ ಟೈರುಗಳು ಕಿತ್ತುಬಂದು ಜನ ಸತ್ತ ಪ್ರಕರಣದ ನಂತರ. ನಮ್ಮಲ್ಲಿ ಮೋಟಾರು ವಾಹನ ನಿಯಮಗಳ 2020ರ ತಿದ್ದುಪಡಿ ಬೇರೊಂದು ದಾರಿ ಹಿಡಿಯಿತು: ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಈ ದೀಪದ ವ್ಯವಸ್ಥೆ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನವರು ದೀಪವನ್ನು ಇನ್ನಷ್ಟು ನಂಬಬೇಕಾಗಿದೆ.

ಇನ್ನೊಂದು ಬಗೆಯ ಕಾರುಗಳಲ್ಲಿ ಪ್ರತಿ ವಾಲ್ವಿನ ಬುಡದಲ್ಲಿ ನಿಜವಾದ ಒತ್ತಡದ ಸೆನ್ಸರ್ ಇದ್ದು, ರೇಡಿಯೋ ಮೂಲಕ ಅಳತೆ ಕಳಿಸುತ್ತದೆ. ಬ್ಯಾಟರಿ ಉಳಿಸಲು ಅದು ಕಾರು ನಿಂತಾಗ ನಿದ್ದೆ ಹೋಗುತ್ತದೆ. ಹಾಗಾಗಿ ಗಾಳಿ ತುಂಬಿದರೂ ನಿಂತಲ್ಲೇ ದೀಪ ಆರದಿರಬಹುದು. ಕೆಲವು ಕಿಲೋಮೀಟರ್ ಓಡಿದರೆ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟೈರು ಕಳಚುವ ಮೊದಲೇ ಒಳಗೆ ಸೆನ್ಸರ್ ಇದೆಯೆಂದು ಹೇಳಿಬಿಡಿ, ರಾಡು ತಗುಲಿದರೆ ಮುರಿಯುತ್ತದೆ. ಇಗ್ನಿಷನ್ ಆನ್ ಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಉರಿದುಕೊಂಡೇ ಇದ್ದರೆ ದೋಷವಿರುವುದು ವ್ಯವಸ್ಥೆಯಲ್ಲೇ, ಬಹಳ ಸಲ ಸೆನ್ಸರಿನ ಬ್ಯಾಟರಿಯಲ್ಲಿ. ಅದು ಐದರಿಂದ ಹತ್ತು ವರ್ಷ ಬಾಳುತ್ತದೆ. ಬ್ಯಾಟರಿಯನ್ನು ಒಳಗೇ ಮುಚ್ಚಿ ಮೊಹರು ಮಾಡಿರುವುದರಿಂದ ಇಡೀ ಸೆನ್ಸರನ್ನೇ ಬದಲಿಸಬೇಕಾಗುತ್ತದೆ.